ಆ ಕೆಂಪು ಎಚ್ಚರಿಕೆ ನಿಜವಾ? ವೈರಸ್, ಟ್ರೋಜನ್, ಪ್ಯಾಚ್, ಕುಕೀ: ಯಾವ ಪದಕ್ಕೆ ಏನರ್ಥ

ಪ್ರಶ್ನೆ: ಹೋದ ವಾರ ಲ್ಯಾಪ್‌ಟಾಪ್‌ನಲ್ಲಿ ಏನೋ ಓದ್ತಾ ಕೂತಿದ್ದೆ. ಪರದೆಯ ಬಲಗಡೆ ಕೆಳಮೂಲೆಯಲ್ಲಿ ಒಂದು ಚಿಕ್ಕ ಚೌಕ ಬಂತು. ‘ನಿಮ್ಮ ಕಂಪ್ಯೂಟರ್‌ನಲ್ಲಿ 5 ವೈರಸ್ ಸಿಕ್ಕಿವೆ’ ಅಂತ ಇತ್ತು. ಒತ್ತಿದೆ. ತಕ್ಷಣ ಇಡೀ ಪರದೆ ಕೆಂಪಾಯ್ತು, ಸೈರನ್ ಥರ ಸದ್ದು ಶುರುವಾಯ್ತು. ಟ್ರೋಜನ್ ಸ್ಪೈವೇರ್ ಇದೆ, ಕಂಪ್ಯೂಟರ್ ಆಫ್ ಮಾಡಬೇಡಿ, ಈ ನಂಬರ್‌ಗೆ ಫೋನ್ ಮಾಡಿ ಅಂತ ಬರೆದಿತ್ತು. ನಾನು ಫೋನ್ ಮಾಡಲಿಲ್ಲ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿಬಿಟ್ಟೆ. ಆಮೇಲೆ ಗೊತ್ತಿದ್ದವರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಕುಕೀ, ಕ್ಯಾಶ್ ಅಳಿಸಿ ಅಂತ ಒಬ್ಬರು. ಎರಡು ಆಂಟಿವೈರಸ್ ಹಾಕಿ ಅಂತ ಇನ್ನೊಬ್ಬರು. ಏನೋ ವಲ್ನರಬಿಲಿಟಿ ಇರಬೇಕು, ಪ್ಯಾಚ್ ಹಾಕಿಲ್ವಾ ಅಂತ ಆಫೀಸಿನವರು. ಫಾರ್ಮ್ಯಾಟ್ ಮಾಡಿ ಬಿಸಾಕು ಅಂತ ತಮ್ಮ. ಫರ್ಮ್‌ವೇರ್ ಅಪ್‌ಡೇಟ್ ಬಂದಿದೆ ಅಂತ ಲ್ಯಾಪ್‌ಟಾಪ್ ಬೇರೆ ಹೇಳ್ತಿದೆ. ಅದೂ ಮಾಲ್‌ವೇರ್ ಥರದ್ದೇ ಇರಬಹುದು ಅಂತ ಮುಟ್ಟಿಲ್ಲ. ಆ ಕೆಂಪು ಪುಟದ ಮೇಲೆ ಬೀಗದ ಗುರುತು ಇತ್ತು, ಮತ್ತೆ ಅದು ಸುಳ್ಳು ಹೇಗಾಗುತ್ತೆ? ನಾನು ವಿಪಿಎನ್ ಬಳಸ್ತೀನಿ, ಬ್ಯಾಂಕ್ ಕೆಲಸ ಎಲ್ಲ ಇನ್‌ಕಾಗ್ನಿಟೋದಲ್ಲೇ ಮಾಡ್ತೀನಿ. ಆದರೂ ಇದು ಹೇಗೆ ಬಂತು? ಪಾಸ್‌ವರ್ಡ್ ಎಲ್ಲ ಬದಲಿಸಬೇಕಾ? ಈ ಪದಗಳಲ್ಲಿ ಒಂದೂ ನನಗೆ ಸರಿಯಾಗಿ ಗೊತ್ತಿಲ್ಲ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಮೊದಲು ನಿಮ್ಮ ಹೆದರಿಕೆಯ ಮಾತು. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಲ್ಯಾಪ್‌ಟಾಪ್‌ಗೆ ವೈರಸ್ ಬಂದಿರುವ ಸಾಧ್ಯತೆ ತುಂಬಾ ಕಡಿಮೆ. ಬಂದಿದ್ದು ಒಂದು ಸುಳ್ಳು ಎಚ್ಚರಿಕೆ. ಫೋನ್ ಮಾಡದೆ ಇದ್ದದ್ದು ಬಹಳ ಒಳ್ಳೆಯದಾಯಿತು. ಇಂಥ ಮೋಸದಲ್ಲಿ ನಿಜವಾದ ಅಪಾಯ ಶುರುವಾಗುವುದೇ ಆ ಫೋನ್‌ನಿಂದ.

ನಿಮಗೆ ಸಲಹೆ ಕೊಟ್ಟವರು ಯಾರೂ ಕೆಟ್ಟದ್ದು ಹೇಳಿಲ್ಲ. ಆದರೆ ನಾಲ್ಕು ಜನ ನಾಲ್ಕು ಬೇರೆ ಬೇರೆ ವಿಷಯ ಮಾತಾಡಿದ್ದಾರೆ. ಮನೆಗೆ ಕಳ್ಳ ನುಗ್ಗಿದ ಅಂದುಕೊಳ್ಳಿ. ಅವನು ಹೇಗೆ ಬಂದ ಎನ್ನುವುದು ಒಂದು ಪ್ರಶ್ನೆ. ಒಳಗೆ ಬಂದು ಏನು ಮಾಡಿದ ಎನ್ನುವುದು ಇನ್ನೊಂದು. ಗೋಡೆ ಎಲ್ಲಿ ಬಿರುಕು ಬಿಟ್ಟಿತ್ತು ಎನ್ನುವುದು ಮೂರನೆಯದು. ಕಂಪ್ಯೂಟರ್ ಭದ್ರತೆಯಲ್ಲಿ ಕೇಳಿಬರುವ ಪದಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದಕ್ಕೆ ಸೇರುತ್ತವೆ: ಬಂದ ದಾರಿ, ಮಾಡಿದ ಕೆಲಸ, ಇದ್ದ ಬಿರುಕು. ಹೊಸ ಪದ ಕಿವಿಗೆ ಬಿದ್ದಾಗ ಇದು ಈ ಮೂರರಲ್ಲಿ ಯಾವುದು ಅಂತ ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಬಿರುಕಿಗೆ ಹಾಕುವ ಮದ್ದನ್ನು ಕಳ್ಳನಿಗೆ ಹಾಕಿದರೆ ಏನೂ ಆಗುವುದಿಲ್ಲ, ಅಲ್ವಾ?

ಆ ಚೌಕ ಎಲ್ಲಿಂದ ಬಂತು

ನಿಮ್ಮ ಪತ್ರದಲ್ಲಿ ಒಂದು ಸಾಲು ನನಗೆ ಬಹಳ ಉಪಯೋಗಕ್ಕೆ ಬಂತು. ಬಲಗಡೆ ಕೆಳಮೂಲೆಯಲ್ಲಿ ಚೌಕ ಬಂತು, ಒತ್ತಿದ ಮೇಲೆ ಪುಟ ತೆರೆಯಿತು ಎಂದಿದ್ದೀರಿ. ಅದು ಬ್ರೌಸರ್ ನೋಟಿಫಿಕೇಶನ್. ಯಾವತ್ತೋ ಒಂದು ದಿನ ಯಾವುದೋ ಸೈಟ್ ತೆರೆದಾಗ ‘ಈ ಸೈಟ್ ನಿಮಗೆ ನೋಟಿಫಿಕೇಶನ್ ಕಳಿಸಲು ಬಯಸುತ್ತದೆ, ಅಲೋ ಅಥವಾ ಬ್ಲಾಕ್’ ಎಂದು ಕೇಳಿರುತ್ತದೆ. ಎಷ್ಟೋ ಸೈಟ್‌ಗಳು ‘ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ’ ಎಂದು ಸುಳ್ಳು ಹೇಳಿ ಒತ್ತಿಸಿಕೊಳ್ಳುತ್ತವೆ. ಒಮ್ಮೆ ಒತ್ತಿದರೆ ಮುಗಿಯಿತು. ಆ ಸೈಟನ್ನು ನೀವು ಮತ್ತೆಂದೂ ತೆರೆಯದಿದ್ದರೂ ಅದು ನಿಮ್ಮ ಪರದೆಯ ಮೂಲೆಗೆ ಚೌಕ ಕಳಿಸುತ್ತಲೇ ಇರುತ್ತದೆ.

ಮುಂದಿನ ಸಲ ಬಂದರೆ ಒತ್ತಬೇಡಿ, ಓದಿ. ದೊಡ್ಡ ಅಕ್ಷರದ ಕೆಳಗೆ ಸಣ್ಣ ಅಕ್ಷರದಲ್ಲಿ ಬ್ರೌಸರ್ ಹೆಸರು ಮತ್ತು ಒಂದು ಸೈಟ್ ವಿಳಾಸ ಇರುತ್ತದೆ. ನಿಜವಾದ ಆಂಟಿವೈರಸ್ ಎಚ್ಚರಿಕೆಯಲ್ಲಿ ಸೈಟ್ ವಿಳಾಸ ಇರುವುದಿಲ್ಲ. ಆ ವಿಳಾಸವನ್ನು ಬರೆದಿಟ್ಟುಕೊಂಡು ಬ್ರೌಸರ್ ಸೆಟ್ಟಿಂಗ್‌ಗೆ ಹೋಗಿ. ಪ್ರೈವೆಸಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅಲ್ಲಿ ಅನುಮತಿ ಪಡೆದ ಸೈಟ್‌ಗಳ ಪಟ್ಟಿ ಸಿಗುತ್ತದೆ. ಗುರುತಿಲ್ಲದ ಎಲ್ಲವನ್ನೂ ತೆಗೆದುಹಾಕಿ. ನೋಟಿಫಿಕೇಶನ್ ಕೇಳುವುದನ್ನೇ ಪೂರ್ತಿ ನಿಲ್ಲಿಸುವ ಆಯ್ಕೆಯೂ ಅಲ್ಲೇ ಇರುತ್ತದೆ. ನಾನಂತೂ ಎಲ್ಲರಿಗೂ ಅದನ್ನು ನಿಲ್ಲಿಸಿ ಎಂದೇ ಹೇಳುತ್ತೇನೆ.

ಆ ಕೆಂಪು ಪುಟ? ಅದೊಂದು ಮಾಮೂಲಿ ವೆಬ್ ಪುಟ. ಪೂರ್ತಿ ಪರದೆ ತುಂಬಿಕೊಳ್ಳುವುದು, ಸದ್ದು ಮಾಡುವುದು, ಇವೆರಡೂ ಯಾವ ಪುಟವಾದರೂ ಮಾಡಬಹುದಾದ ಕೆಲಸ. ವಿಡಿಯೋ ನೋಡುವಾಗ ನಾವೇ ಮಾಡಿಸುತ್ತೇವಲ್ಲ, ಅದೇ. ‘ಸ್ಕ್ಯಾನ್ ಆಗುತ್ತಿದೆ’ ಎಂದು ಪಟ್ಟಿ ಓಡುತ್ತಿದ್ದರೆ ಅದು ಬರೀ ಚಿತ್ರ. ನಿಮ್ಮ ಡಿಸ್ಕ್‌ನಲ್ಲಿ ಏನಿದೆ ಎಂದು ಹುಡುಕಿ ನೋಡುವ ಅವಕಾಶ ವೆಬ್ ಪುಟಕ್ಕೆ ಇಲ್ಲ. ಬ್ರೌಸರ್ ಪ್ರತಿ ಪುಟವನ್ನೂ ಒಂದು ಬೇಲಿಯೊಳಗೆ ಕೂಡಿಹಾಕಿಯೇ ಓಡಿಸುತ್ತದೆ. ಆ ಬೇಲಿಗೆ ಸ್ಯಾಂಡ್‌ಬಾಕ್ಸ್ ಎನ್ನುತ್ತಾರೆ.

ಇನ್ನೊಮ್ಮೆ ಹೀಗಾದರೆ ಎಸ್ಕೇಪ್ ಕೀ ಒತ್ತಿ ಸ್ವಲ್ಪ ಹೊತ್ತು ಹಿಡಿಯಿರಿ. ಪೂರ್ತಿ ಪರದೆಯಿಂದ ಹೊರಬರುತ್ತದೆ. ಬರದಿದ್ದರೆ ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ನೀವು ಪವರ್ ಬಟನ್ ಹಿಡಿದು ಆಫ್ ಮಾಡಿದ್ದೂ ತಪ್ಪಲ್ಲ. ಆದರೆ ಮತ್ತೆ ಬ್ರೌಸರ್ ತೆರೆದಾಗ ‘ಹಿಂದಿನ ಪುಟಗಳನ್ನು ಮರಳಿ ತೆರೆಯಲೇ’ ಎಂದು ಕೇಳುತ್ತದೆ. ಬೇಡ ಎನ್ನಿ. ಹೂಂ ಅಂದರೆ ಅದೇ ಕೆಂಪು ಪುಟ ಮತ್ತೆ ಎದುರಿಗೆ ನಿಲ್ಲುತ್ತದೆ.

ಫೋನ್ ಮಾಡಿದ್ದರೆ ಏನಾಗುತ್ತಿತ್ತು ಎಂದು ಹೇಳುತ್ತೇನೆ, ಯಾಕೆಂದರೆ ನಾನು ಅದನ್ನು ಹತ್ತಿರದಿಂದ ನೋಡಿದ್ದೇನೆ. ನಿವೃತ್ತ ಶಿಕ್ಷಕರೊಬ್ಬರು ಹೀಗೇ ಫೋನ್ ಮಾಡಿದ್ದರು. ಆ ಕಡೆಯವನು ಬಹಳ ವಿನಯದಿಂದ ಮಾತಾಡಿ, ದೂರದಿಂದಲೇ ಕಂಪ್ಯೂಟರ್ ನಡೆಸುವ ಒಂದು ಪ್ರೋಗ್ರಾಂ ಹಾಕಿಸಿಕೊಂಡ. ಇದಕ್ಕೆ ರಿಮೋಟ್ ಆಕ್ಸೆಸ್ ಎನ್ನುತ್ತಾರೆ. ಆಮೇಲೆ ವಿಂಡೋಸ್‌ನಲ್ಲೇ ಇರುವ ಈವೆಂಟ್ ವ್ಯೂವರ್ ತೆರೆದ. ಅದರ ತುಂಬಾ ಕೆಂಪು ಗುರುತುಗಳು, ಹಳದಿ ತ್ರಿಕೋನಗಳು. ‘ನೋಡಿ, ಇವೆಲ್ಲ ವೈರಸ್’ ಎಂದು ಒಂದೊಂದಾಗಿ ಎಣಿಸಿ ತೋರಿಸಿದ. ಅವರು ನಂಬಿದರು, ದುಡ್ಡು ಕಟ್ಟಿದರು. ಅವರು ನನ್ನ ಹತ್ತಿರ ಬಂದಾಗ ನಾನು ನನ್ನ ಕಂಪ್ಯೂಟರ್‌ನಲ್ಲೂ ಅದೇ ಕಿಟಕಿ ತೆರೆದು ತೋರಿಸಿದೆ. ಅಲ್ಲೂ ಕೆಂಪು ಗುರುತುಗಳು ಸಾಲಾಗಿ ನಿಂತಿದ್ದವು. ಅದು ವಿಂಡೋಸ್ ಬರೆದಿಡುವ ದಿನಚರಿ, ಅಷ್ಟೇ. ಪ್ರಿಂಟರ್ ಉತ್ತರ ಕೊಡಲಿಲ್ಲ, ಯಾವುದೋ ಸರ್ವಿಸ್ ತಡವಾಗಿ ಶುರುವಾಯಿತು ಎಂಬಂಥ ಸಣ್ಣ ಪುಟ್ಟ ವಿಷಯಗಳು. ಚೆನ್ನಾಗಿರುವ ಕಂಪ್ಯೂಟರ್‌ನಲ್ಲೂ ಅವು ಇರುತ್ತವೆ. ಅವರು ಸ್ವಲ್ಪ ಹೊತ್ತು ಎರಡೂ ಪರದೆ ನೋಡುತ್ತಾ ಸುಮ್ಮನೆ ಕೂತಿದ್ದರು. ಆ ಮುಖ ನನಗೆ ಮರೆತಿಲ್ಲ.

ವೈರಸ್, ವರ್ಮ್, ಟ್ರೋಜನ್: ಬಂದ ದಾರಿ

ಕೆಟ್ಟ ಉದ್ದೇಶದಿಂದ ಬರೆದ ಸಾಫ್ಟ್‌ವೇರ್‌ಗೆಲ್ಲ ಒಟ್ಟಾಗಿ ಮಾಲ್‌ವೇರ್ ಎನ್ನುತ್ತಾರೆ. ವೈರಸ್ ಅದರಲ್ಲಿ ಒಂದು ಜಾತಿ. ನಾವು ಮಾತಿನಲ್ಲಿ ಎಲ್ಲವನ್ನೂ ವೈರಸ್ ಅಂತೀವಿ, ಅದರಿಂದ ದೊಡ್ಡ ನಷ್ಟವೇನೂ ಇಲ್ಲ. ಆದರೆ ವ್ಯತ್ಯಾಸ ಗೊತ್ತಿದ್ದರೆ ಹುಷಾರಾಗಿರುವುದು ಸುಲಭ.

ವೈರಸ್ ಎಂಬ ಪದವನ್ನು 1984ರಲ್ಲಿ ಫ್ರೆಡ್ ಕೋಹೆನ್ ಎಂಬ ಸಂಶೋಧಕರು ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಅವರು ಹೇಳಿದ ಅರ್ಥ ಸ್ಪಷ್ಟವಾಗಿದೆ. ಬೇರೆ ಪ್ರೋಗ್ರಾಂಗಳನ್ನು ತಿದ್ದಿ ಅವುಗಳೊಳಗೆ ತನ್ನದೇ ನಕಲು ಸೇರಿಸುವ ಪ್ರೋಗ್ರಾಂ ವೈರಸ್. ಅದಕ್ಕೆ ಸ್ವಂತ ಮನೆಯಿಲ್ಲ, ಇನ್ನೊಂದರ ಬೆನ್ನೇರಿಯೇ ಬರಬೇಕು. ನೀವು ಆ ಪ್ರೋಗ್ರಾಂ ಓಡಿಸಿದಾಗ ಇದೂ ಓಡುತ್ತದೆ.

ವರ್ಮ್‌ಗೆ ಯಾರ ಬೆನ್ನೂ ಬೇಡ. ಅದು ನೆಟ್‌ವರ್ಕ್ ಮೇಲೆ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ಹೋಗುತ್ತದೆ. 1988ರ ನವೆಂಬರ್ 2ರಂದು ಹೊರಬಿದ್ದ ಮಾರಿಸ್ ವರ್ಮ್ ಆಗಿನ ಪುಟ್ಟ ಇಂಟರ್‌ನೆಟ್‌ನ ಸಾವಿರಾರು ಯಂತ್ರಗಳನ್ನು ನಿಲ್ಲಿಸಿಬಿಟ್ಟಿತು. ಯಾರೂ ಏನನ್ನೂ ಒತ್ತಿರಲಿಲ್ಲ.

ಟ್ರೋಜನ್ ತಾನಾಗಿ ಹರಡುವುದಿಲ್ಲ. ಒಳ್ಳೆಯ ವಸ್ತುವಿನ ವೇಷದಲ್ಲಿ ಬರುತ್ತದೆ, ನಾವೇ ಬಾಗಿಲು ತೆಗೆದು ಒಳಗೆ ಕರೆಯುತ್ತೇವೆ. ಮರದ ಕುದುರೆಯ ಹೊಟ್ಟೆಯೊಳಗೆ ಸೈನಿಕರು ಕೂತು ಟ್ರಾಯ್ ಪಟ್ಟಣದೊಳಗೆ ಹೋದ ಗ್ರೀಕ್ ಕಥೆಯಿಂದ ಬಂದ ಹೆಸರು ಇದು. ಪುಕ್ಕಟೆ ಸಿಗುವ ‘ಕ್ರ್ಯಾಕ್’ ಸಾಫ್ಟ್‌ವೇರ್, ‘ವಿಡಿಯೋ ನೋಡಲು ಈ ಪ್ಲೇಯರ್ ಹಾಕಿ’ ಎಂಬ ಕೊಂಡಿ, ಬಿಲ್ ಎಂದು ಹೆಸರಿಟ್ಟುಕೊಂಡು ಬರುವ ಫೈಲ್, ಇವೆಲ್ಲ ಇದರ ದಾರಿಗಳು. ಮನೆಯ ಕಂಪ್ಯೂಟರ್‌ಗಳಲ್ಲಿ ನಾನು ನೋಡುವುದು ಟ್ರೋಜನ್‌ಗಳನ್ನೇ ಜಾಸ್ತಿ.

ವೇಷ ಎಷ್ಟು ಸರಳವಾಗಿರಬಹುದು ಎನ್ನುವುದಕ್ಕೆ ಒಂದು ಫೈಲ್ ಹೆಸರು ನೋಡಿ. 2000ದ ಮೇ ತಿಂಗಳಲ್ಲಿ ಪ್ರಪಂಚದ ಎಷ್ಟೋ ಇಮೇಲ್ ಪೆಟ್ಟಿಗೆಗಳಿಗೆ ‘ಐ ಲವ್ ಯು’ ಎಂಬ ಪತ್ರ ಬಂತು. ಜೊತೆಗಿದ್ದ ಫೈಲ್‌ನ ಹೆಸರು ‘ಲವ್-ಲೆಟರ್-ಫಾರ್-ಯು ಡಾಟ್ ಟಿಎಕ್ಸ್‌ಟಿ ಡಾಟ್ ವಿಬಿಎಸ್’. ವಿಂಡೋಸ್ ತನಗೆ ಗೊತ್ತಿರುವ ಬಗೆಯ ಫೈಲ್‌ಗಳ ಕೊನೆಯ ತುಂಡನ್ನು ತೋರಿಸದೆ ಮುಚ್ಚಿಡುತ್ತದೆ. ಹಾಗಾಗಿ ಕಣ್ಣಿಗೆ ಕಂಡದ್ದು ‘ಟಿಎಕ್ಸ್‌ಟಿ’ ಮಾತ್ರ, ಅಂದರೆ ಸಾದಾ ಅಕ್ಷರದ ಫೈಲ್. ನಿಜಕ್ಕೂ ಅದು ಓಡುವ ಪ್ರೋಗ್ರಾಂ. ತೆರೆದವರ ಅಡ್ರೆಸ್ ಬುಕ್‌ನಲ್ಲಿದ್ದ ಎಲ್ಲರಿಗೂ ಅದು ತನ್ನನ್ನು ತಾನೇ ಕಳಿಸಿಕೊಂಡಿತು. ಪತ್ರ ಗುರುತಿನವರಿಂದಲೇ ಬಂದಿತ್ತು, ಅದಕ್ಕೇ ಜನ ನಂಬಿದರು. ಕೊನೆಯ ತುಂಡನ್ನು ಮುಚ್ಚಿಡುವ ಅಭ್ಯಾಸ ವಿಂಡೋಸ್‌ನಲ್ಲಿ ಇಂದಿಗೂ ಇದೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಎಂಬುದಕ್ಕೆ ಗುರುತು ಹಾಕಿ. ಒಂದು ನಿಮಿಷದ ಕೆಲಸ, ಇವತ್ತೇ ಮಾಡಿ.

ಇನ್ನು ಸ್ಪೈವೇರ್, ಆಡ್‌ವೇರ್, ರಾನ್ಸಮ್‌ವೇರ್. ಇವು ದಾರಿಯ ಹೆಸರಲ್ಲ, ಕೆಲಸದ ಹೆಸರು. ಗುಟ್ಟಾಗಿ ನೋಡಿ ಮಾಹಿತಿ ಸಾಗಿಸುವುದು ಸ್ಪೈವೇರ್. ಜಾಹೀರಾತು ತುಂಬುವುದು ಆಡ್‌ವೇರ್. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವುದು ರಾನ್ಸಮ್‌ವೇರ್. ಈಗ ‘ಟ್ರೋಜನ್ ಸ್ಪೈವೇರ್’ ಎಂದರೆ ಏನು ಅಂತ ನಿಮಗೇ ಹೊಳೆದಿರಬೇಕು. ವೇಷ ಹಾಕಿ ಬಂದು ಗೂಢಚಾರಿಕೆ ಮಾಡುವುದು. ಪದ ಸರಿಯಾಗಿಯೇ ಇದೆ. ಆ ಪುಟ ಹೇಳಿದ್ದು ಮಾತ್ರ ಸುಳ್ಳು.

ಬಿರುಕು ಮತ್ತು ತೇಪೆ

ನಿಮ್ಮ ಆಫೀಸಿನವರು ಹೇಳಿದ ವಲ್ನರಬಿಲಿಟಿ ಎಂದರೆ ಗೋಡೆಯ ಬಿರುಕು. ಅದು ರೋಗವಲ್ಲ, ಕಳ್ಳನೂ ಅಲ್ಲ. ಸಾಫ್ಟ್‌ವೇರ್ ಬರೆದವರಿಂದ ಆದ ತಪ್ಪು. ಎಲ್ಲ ಸಾಫ್ಟ್‌ವೇರ್‌ನಲ್ಲೂ ತಪ್ಪು ಇರುತ್ತದೆ, ಅದಕ್ಕೆ ಬಗ್ ಎನ್ನುತ್ತಾರೆ. ಹೊರಗಿನವರು ಒಳಗೆ ತೂರಲು ಅನುಕೂಲವಾಗುವ ಬಗ್ ಮಾತ್ರ ವಲ್ನರಬಿಲಿಟಿ. ಆ ಬಿರುಕಿನಲ್ಲಿ ಕನ್ನ ಹಾಕಲು ಬಳಸುವ ಹಾರೆ ಎಕ್ಸ್‌ಪ್ಲಾಯಿಟ್. ಬಿರುಕಿಗೆ ಮೆತ್ತುವ ತೇಪೆ ಪ್ಯಾಚ್. ತಯಾರಕರಿಗೆ ಬಿರುಕಿನ ಸುದ್ದಿ ತಿಳಿಯುವ ಮೊದಲೇ ಕಳ್ಳರ ಕೈಯಲ್ಲಿ ಹಾರೆ ಇದ್ದರೆ ಅದು ಜೀರೋ-ಡೇ. ಅಂದರೆ ಸರಿಪಡಿಸಲು ಅವರಿಗೆ ಸಿಕ್ಕ ದಿನಗಳು ಸೊನ್ನೆ.

ಈ ಎಲ್ಲ ಪದಗಳೂ ಒಂದೇ ಕಡೆ ಕಾಣಬೇಕೆಂದರೆ ವನ್ನಾಕ್ರೈ ಘಟನೆ ನೋಡಬೇಕು. ವಿಂಡೋಸ್ ಕಂಪ್ಯೂಟರ್‌ಗಳು ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವ ಭಾಗದಲ್ಲಿ ಒಂದು ಬಿರುಕು ಇತ್ತು. ಅದಕ್ಕೆ ತಕ್ಕ ಎಕ್ಸ್‌ಪ್ಲಾಯಿಟ್‌ನ ಹೆಸರು ಎಟರ್ನಲ್‌ಬ್ಲೂ. ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದು ಪ್ಯಾಚ್ ಕೊಟ್ಟಿತು. ಮೇ 12ರಂದು ವನ್ನಾಕ್ರೈ ಹೊರಬಿತ್ತು. ಬಂದ ದಾರಿ ನೋಡಿದರೆ ಅದು ವರ್ಮ್, ಯಾರೂ ಏನೂ ಒತ್ತಬೇಕಾಗಿರಲಿಲ್ಲ. ಮಾಡಿದ ಕೆಲಸ ನೋಡಿದರೆ ರಾನ್ಸಮ್‌ವೇರ್, ಫೈಲ್‌ಗಳಿಗೆ ಬೀಗ ಹಾಕಿ ಬಿಟ್‌ಕಾಯಿನ್ ಕೇಳಿತು. ಸುಮಾರು 150 ದೇಶಗಳಿಗೆ ಹರಡಿತು. ಬ್ರಿಟನ್‌ನಲ್ಲಿ ಆಸ್ಪತ್ರೆಗಳು ರೋಗಿಗಳ ಅಪಾಯಿಂಟ್‌ಮೆಂಟ್‌ಗಳನ್ನೇ ರದ್ದು ಮಾಡಬೇಕಾಯಿತು. ತೇಪೆ ಸಿಕ್ಕಿ ಸುಮಾರು ಎರಡು ತಿಂಗಳಾಗಿತ್ತು. ಹಾಕಿಕೊಂಡವರ ಯಂತ್ರಕ್ಕೆ ಆ ದಾರಿಯಲ್ಲಿ ಅದು ನುಗ್ಗಲಾಗಲಿಲ್ಲ. ‘ನಂತರ ನೆನಪಿಸು’ ಎಂದು ಅಪ್‌ಡೇಟ್ ಮುಂದೂಡಿದವರ ಯಂತ್ರಗಳು ಬಿದ್ದವು. ನಾನು ಅಪ್‌ಡೇಟ್ ವಿಷಯದಲ್ಲಿ ಇಷ್ಟು ಹಟ ಮಾಡುವುದಕ್ಕೆ ಇದೇ ಕಾರಣ. ತಯಾರಕರು ತೇಪೆ ಬಿಡುಗಡೆ ಮಾಡಿದ ದಿನವೇ ಬಿರುಕು ಎಲ್ಲಿತ್ತು ಎಂದು ಕಳ್ಳರಿಗೂ ಸುಳಿವು ಸಿಗುತ್ತದೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಸಾಕು.

ತಯಾರಕರು ತೇಪೆ ಹಾಕುವುದನ್ನೇ ನಿಲ್ಲಿಸಿದರೆ? ಅದಕ್ಕೆ ಸಪೋರ್ಟ್ ಮುಗಿಯಿತು ಎನ್ನುತ್ತಾರೆ. ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಂಪ್ಯೂಟರ್ ಎಂದಿನಂತೆ ಓಡುತ್ತದೆ, ಆದರೆ ಆಮೇಲೆ ಕಂಡ ಬಿರುಕುಗಳಿಗೆ ಮಾಮೂಲಿನ ಹಾಗೆ ತೇಪೆ ಬರುವುದಿಲ್ಲ. ನಿಮ್ಮದು ಯಾವುದು ಅಂತ ಒಮ್ಮೆ ನೋಡಿ. ಹಳೆಯದಾಗಿದ್ದರೆ ಮೈಕ್ರೋಸಾಫ್ಟ್ ಕೊಡುವ ಹೆಚ್ಚುವರಿ ಅಪ್‌ಡೇಟ್ ಯೋಜನೆಗೆ ಸೇರಬಹುದು, ಇಲ್ಲವೇ ಹೊಸದಕ್ಕೆ ಹೋಗಬೇಕು.

ಬ್ಯಾಕ್‌ಡೋರ್ ಎಂಬ ಪದವೂ ಕೇಳಿರುತ್ತೀರಿ. ಬಿರುಕು ತಪ್ಪಿನಿಂದ ಆಗುವುದು, ಬ್ಯಾಕ್‌ಡೋರ್ ಬೇಕಂತಲೇ ಇಡುವ ಹಿಂಬಾಗಿಲು. 2024ರ ಮಾರ್ಚ್‌ನಲ್ಲಿ ಫೈಲ್‌ಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್‌ನಲ್ಲಿ ಇಂಥದ್ದೊಂದು ಸಿಕ್ಕಿತು. ಅದನ್ನು ಕಂಡುಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಲಾಗಿನ್ ಆಗುವುದು ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಅವರಿಗೆ ಅನುಮಾನ ಬಂತು. ಬೆನ್ನು ಹತ್ತಿ ಹೋದರು, ಸಿಕ್ಕಿತು. ಅಲ್ಲಿ ಸಿಗದೆ ಹೋಗಿದ್ದರೆ ಅದು ಲೆಕ್ಕವಿಲ್ಲದಷ್ಟು ಸರ್ವರ್‌ಗಳೊಳಗೆ ಹೋಗಿ ಕೂರುತ್ತಿತ್ತು. ಓಪನ್ ಸೋರ್ಸ್ ಎಂದರೆ ಮೂಲ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್. ಫ್ರೀವೇರ್ ಎಂದರೆ ಬರೀ ದುಡ್ಡು ಕೊಡಬೇಕಿಲ್ಲ ಎಂದರ್ಥ, ಒಳಗೆ ಏನಿದೆ ಎಂದು ತೋರಿಸಲೇಬೇಕಾಗಿಲ್ಲ.

ಈಗ ನಿಮ್ಮ ಫರ್ಮ್‌ವೇರ್. ‘ವೇರ್’ ಎಂಬ ಬಾಲ ಕಂಡ ಕೂಡಲೇ ಹೆದರಬೇಡಿ. ಯಂತ್ರದ ಚಿಪ್‌ಗಳಲ್ಲೇ ಇರುವ, ಪವರ್ ಹಾಕಿದ ಕೂಡಲೇ ವಿಂಡೋಸ್‌ಗೂ ಮೊದಲು ಎದ್ದು ಕೀಬೋರ್ಡ್, ಡಿಸ್ಕ್‌ಗಳನ್ನು ಎಬ್ಬಿಸುವ ಸಾಫ್ಟ್‌ವೇರ್ ಅದು. ಬಯಾಸ್ ಎಂದು ಹಳಬರು ಹೇಳುವುದು ಇದರ ಒಂದು ಬಗೆ. ರೌಟರ್‌ನಲ್ಲೂ, ಪ್ರಿಂಟರ್‌ನಲ್ಲೂ ಇರುತ್ತದೆ. ಅದಕ್ಕೂ ಬಿರುಕು ಬರುತ್ತದೆ, ತೇಪೆ ಬೇಕಾಗುತ್ತದೆ. ಈ ಅಪ್‌ಡೇಟ್ ವಿಂಡೋಸ್ ಅಪ್‌ಡೇಟ್ ಮೂಲಕ ಅಥವಾ ಲ್ಯಾಪ್‌ಟಾಪ್ ತಯಾರಕರ ಸ್ವಂತ ಪ್ರೋಗ್ರಾಂ ಮೂಲಕ ಬಂದಿದ್ದರೆ ಧೈರ್ಯವಾಗಿ ಹಾಕಿ. ಯಾವುದೋ ವೆಬ್ ಪುಟ ‘ಫರ್ಮ್‌ವೇರ್ ಅಪ್‌ಡೇಟ್ ಮಾಡಿ’ ಎಂದರೆ ಮುಚ್ಚಿ. ಒಂದೇ ಒಂದು ಎಚ್ಚರ ಇದೆ. ಚಾರ್ಜರ್ ಸಿಕ್ಕಿಸಿಕೊಂಡೇ ಮಾಡಿ, ನಡುವೆ ಆಫ್ ಮಾಡಬೇಡಿ. ಅರ್ಧಕ್ಕೆ ನಿಂತರೆ ಲ್ಯಾಪ್‌ಟಾಪ್ ಏಳದೆ ಹೋಗಬಹುದು.

ಬೀಗದ ಗುರುತು, ವಿಪಿಎನ್, ಇನ್‌ಕಾಗ್ನಿಟೋ

ಇಲ್ಲಿ ನೀವೊಬ್ಬರೇ ಅಲ್ಲ, ತುಂಬಾ ಜನ ತಪ್ಪು ತಿಳಿದಿದ್ದಾರೆ. ಬೀಗದ ಗುರುತು ಹೇಳುವುದು ಒಂದೇ ಮಾತು: ನಿಮಗೂ ಆ ಸೈಟ್‌ಗೂ ನಡುವೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದಲಾರರು, ತಿದ್ದಲಾರರು. ಇದಕ್ಕೆ ಎನ್‌ಕ್ರಿಪ್ಶನ್ ಎನ್ನುತ್ತಾರೆ. ಆ ಕಡೆ ಕೂತಿರುವವನು ಒಳ್ಳೆಯವನೋ ಕಳ್ಳನೋ ಎಂದು ಬೀಗ ಹೇಳುವುದಿಲ್ಲ. ಮುಚ್ಚಿದ ಲಕೋಟೆಯಲ್ಲಿ ಕಳ್ಳನಿಗೇ ಪತ್ರ ಬರೆದ ಹಾಗೆ. ಬೀಗಕ್ಕೆ ಬೇಕಾದ ಸರ್ಟಿಫಿಕೇಟ್ ಈಗ ಯಾರಿಗೆ ಬೇಕಾದರೂ ಪುಕ್ಕಟೆ, ಕೆಲವೇ ನಿಮಿಷದಲ್ಲಿ ಸಿಗುತ್ತದೆ. ಮೋಸದ ಸೈಟ್‌ಗಳೂ ಪಡೆಯುತ್ತವೆ. ಈ ತಪ್ಪು ತಿಳುವಳಿಕೆ ಎಷ್ಟು ಹರಡಿತ್ತೆಂದರೆ 2023ರಲ್ಲಿ ಕ್ರೋಮ್ ಬ್ರೌಸರ್ ಬೀಗದ ಚಿತ್ರವನ್ನೇ ಬದಲಿಸಿತು.

ಹಾಗಾದರೆ ಏನು ನೋಡಬೇಕು? ವಿಳಾಸ. ಅದೂ ಬಲಗಡೆಯಿಂದ. ಆರಂಭದ ಎಚ್‌ಟಿಟಿಪಿಎಸ್ ಆದ ಮೇಲೆ ಬರುವ ಮೊದಲ ಒಂಟಿ ಓರೆಗೆರೆಯನ್ನು ಹುಡುಕಿ. ಅದರ ಎಡಕ್ಕೆ ಅಂಟಿಕೊಂಡ ಕೊನೆಯ ಎರಡು ತುಂಡು ಸಾಮಾನ್ಯವಾಗಿ ಆ ಸೈಟಿನ ನಿಜವಾದ ಒಡೆಯನ ಹೆಸರು. ‘ನಿಮ್ಮಬ್ಯಾಂಕ್ ಡಾಟ್ ಕಾಂ ಡಾಟ್ ಲಾಗಿನ್‌ಚೆಕ್ ಡಾಟ್ ನೆಟ್’ ಎಂದಿದ್ದರೆ ಅದು ನಿಮ್ಮ ಬ್ಯಾಂಕಿನದ್ದಲ್ಲ, ‘ಲಾಗಿನ್‌ಚೆಕ್ ಡಾಟ್ ನೆಟ್’ ಎಂಬ ಹೆಸರನ್ನು ಕೊಂಡವರದ್ದು. ಮುಂದುಗಡೆ ಯಾವ ಹೆಸರು ಬೇಕಾದರೂ ಅವರು ಅಂಟಿಸಿಕೊಳ್ಳಬಹುದು. ಹೀಗೆ ಬೇರೆಯವರ ವೇಷದಲ್ಲಿ ಬಂದು ಪಾಸ್‌ವರ್ಡ್ ಕಸಿಯುವುದಕ್ಕೆ ಫಿಶಿಂಗ್ ಎನ್ನುತ್ತಾರೆ.

ವಿಪಿಎನ್ ಒಂದು ಸುರಂಗ. ನೀವು ಕೂತ ಜಾಗದ ವೈಫೈ ನಡೆಸುವವರಿಗೆ, ಇಂಟರ್‌ನೆಟ್ ಕೊಡುವ ಕಂಪನಿಗೆ ನೀವು ಎಲ್ಲಿ ಹೋಗುತ್ತೀರಿ ಎಂದು ಕಾಣದಂತೆ ಮಾಡುತ್ತದೆ. ಆದರೆ ಅದೇ ವಿಷಯ ಈಗ ವಿಪಿಎನ್ ಕಂಪನಿಗೆ ಕಾಣುತ್ತದೆ. ಸುರಂಗದ ಮೂಲಕ ಬರುವ ವಸ್ತು ಒಳ್ಳೆಯದೋ ಕೆಟ್ಟದ್ದೋ ಎಂದು ನೋಡುವುದು ಅದರ ಕೆಲಸವಲ್ಲ. ಇನ್‌ಕಾಗ್ನಿಟೋ ಅದಕ್ಕಿಂತ ಸಣ್ಣ ವಿಷಯ. ಕಿಟಕಿ ಮುಚ್ಚಿದ ಮೇಲೆ ನಿಮ್ಮ ಕಂಪ್ಯೂಟರ್‌ನಲ್ಲಿ ಆ ಓಡಾಟದ ಚರಿತ್ರೆ, ಕುಕೀ ಉಳಿಯುವುದಿಲ್ಲ. ಒಂದೇ ಲ್ಯಾಪ್‌ಟಾಪ್ ಹಲವರು ಬಳಸುವ ಕಡೆ ಒಳ್ಳೆಯದು. ಬ್ಯಾಂಕ್ ಕೆಲಸಕ್ಕೆ ಅದರಿಂದ ಬೇರೆ ರಕ್ಷಣೆಯೇನೂ ಸಿಗುವುದಿಲ್ಲ.

ಕ್ಯಾಶ್ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ದುಡ್ಡಿಗೂ ಅದಕ್ಕೂ ಸಂಬಂಧವಿಲ್ಲ. ಒಮ್ಮೆ ತಂದ ಚಿತ್ರ, ಪುಟಗಳನ್ನು ಮತ್ತೆ ತರುವ ಕಷ್ಟ ತಪ್ಪಿಸಲು ಬ್ರೌಸರ್ ಕೈಗೆ ಸಿಗುವ ಹಾಗೆ ಇಟ್ಟುಕೊಂಡ ನಕಲು ಅದು. ಅಳಿಸಿದರೆ ನಷ್ಟವಿಲ್ಲ. ನಿಮ್ಮ ಸಮಸ್ಯೆಗೆ ಅದರಿಂದ ಲಾಭವೂ ಇಲ್ಲ.

ಕುಕೀ ಸ್ವಲ್ಪ ಗಂಭೀರ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಇದನ್ನು ಬ್ರೌಸರ್‌ಗೆ ತಂದರು. ಅದೊಂದು ಚೀಟಿ. ನೀವು ಲಾಗಿನ್ ಆದಾಗ ಸೈಟ್ ‘ಇವರು ಒಳಗೆ ಬಂದವರು’ ಎಂದು ಒಂದು ಚೀಟಿ ಬರೆದು ನಿಮ್ಮ ಬ್ರೌಸರ್ ಕೈಗೆ ಕೊಡುತ್ತದೆ. ಪ್ರತಿ ಪುಟಕ್ಕೂ ಬ್ರೌಸರ್ ಅದನ್ನು ತೋರಿಸುತ್ತದೆ. ಇಲ್ಲದಿದ್ದರೆ ಒಂದೊಂದು ಪುಟಕ್ಕೂ ಪಾಸ್‌ವರ್ಡ್ ಹೊಡೆಯಬೇಕಾಗುತ್ತಿತ್ತು. ಕುಕೀ ಬರೀ ಅಕ್ಷರ, ಓಡುವುದಿಲ್ಲ, ವೈರಸ್ ಆಗುವುದಿಲ್ಲ. ನೀವು ಯಾವ ಯಾವ ಸೈಟ್‌ಗೆ ಹೋಗುತ್ತೀರಿ ಎಂದು ಜಾಹೀರಾತು ಕಂಪನಿಗಳು ಅದರಿಂದ ಜಾಡು ಹಿಡಿಯುತ್ತವೆ, ಅದು ಬೇರೆ ವಿಷಯ. ಆದರೆ ನಿಜವಾಗಿಯೂ ಮಾಲ್‌ವೇರ್ ಒಳಗೆ ಬಂದರೆ ಅದು ಮೊದಲು ಕದಿಯುವ ವಸ್ತುಗಳಲ್ಲಿ ಈ ಲಾಗಿನ್ ಚೀಟಿಯೂ ಒಂದು. ಚೀಟಿ ಸಿಕ್ಕವರಿಗೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ಹಾಗಾಗಿ ಅಂಥ ಸಮಯದಲ್ಲಿ ಪಾಸ್‌ವರ್ಡ್ ಬದಲಿಸಿದರೆ ಸಾಲದು. ‘ಎಲ್ಲ ಸಾಧನಗಳಿಂದ ಲಾಗೌಟ್ ಮಾಡು’ ಎಂಬುದನ್ನೂ ಒತ್ತಬೇಕು. ಅದೂ ಬೇರೆ, ಶುದ್ಧವಾದ ಸಾಧನದಿಂದ. ರೋಗ ಇರುವ ಯಂತ್ರದಲ್ಲಿ ಹೊಸ ಪಾಸ್‌ವರ್ಡ್ ಹೊಡೆದರೆ ಅದೂ ಕಳ್ಳನ ಕೈ ಸೇರುತ್ತದೆ.

ಈಗ ನಿಮ್ಮ ಲ್ಯಾಪ್‌ಟಾಪ್‌ಗೆ ಏನು ಮಾಡಬೇಕು

ಎರಡು ಆಂಟಿವೈರಸ್ ಬೇಡ. ಎರಡೂ ಪ್ರತಿ ಫೈಲ್ ತೆರೆಯುವಾಗ ನಡುವೆ ಬಂದು ನಿಲ್ಲುತ್ತವೆ. ಒಂದನ್ನು ನೋಡಿ ಇನ್ನೊಂದು ಅನುಮಾನ ಪಡುವುದೂ ಉಂಟು, ಕಂಪ್ಯೂಟರ್ ತೆವಳತೊಡಗುತ್ತದೆ. ವಿಂಡೋಸ್‌ನಲ್ಲೇ ಇರುವ ಡಿಫೆಂಡರ್ ಮನೆ ಬಳಕೆಗೆ ಸಾಕು. ಅದು ಗೊತ್ತಿರುವ ಮಾಲ್‌ವೇರ್‌ಗಳ ಗುರುತನ್ನು ಫೈಲ್‌ನಲ್ಲಿ ಹುಡುಕುತ್ತದೆ, ಜೊತೆಗೆ ಪ್ರೋಗ್ರಾಂಗಳ ನಡವಳಿಕೆಯನ್ನೂ ನೋಡುತ್ತದೆ. ಫೈರ್‌ವಾಲ್ ಬೇರೆ. ಅದು ನೆಟ್‌ವರ್ಕ್ ಬಾಗಿಲಲ್ಲಿ ಯಾರು ಒಳಗೆ ಬರಬಹುದು, ಹೊರಗೆ ಹೋಗಬಹುದು ಎಂದು ನೋಡುವ ಕಾವಲುಗಾರ. ಅದನ್ನು ಆನ್ ಆಗಿಯೇ ಬಿಡಿ.

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ನೋಟಿಫಿಕೇಶನ್ ಪಟ್ಟಿ ಖಾಲಿ ಮಾಡುತ್ತಿದ್ದೆ. ಆಮೇಲೆ ಬ್ರೌಸರ್ ಎಕ್ಸ್‌ಟೆನ್ಶನ್‌ಗಳನ್ನು, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳನ್ನು, ಒಂದೊಂದಾಗಿ ನೋಡಿ, ನಾನೇ ಹಾಕಿದ್ದೆಂದು ನೆನಪಿಲ್ಲದ್ದನ್ನು ತೆಗೆಯುತ್ತಿದ್ದೆ. ನಂತರ ಬಾಕಿ ಇರುವ ವಿಂಡೋಸ್ ಅಪ್‌ಡೇಟ್‌ಗಳು. ಕೊನೆಗೆ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್. ಇದು ಕಂಪ್ಯೂಟರನ್ನು ಮತ್ತೆ ಶುರುಮಾಡಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ಹಾಗಾಗಿ ಅಡಗಿ ಕೂತದ್ದು ಸುಲಭವಾಗಿ ತಪ್ಪಿಸಿಕೊಳ್ಳಲಾಗದು. ಸುಮಾರು 15 ನಿಮಿಷ ಹಿಡಿಯುತ್ತದೆ. ಏನಾದರೂ ಸಿಕ್ಕರೆ ಕ್ವಾರಂಟೈನ್‌ಗೆ ಹಾಕುತ್ತದೆ, ಅಂದರೆ ಓಡದಂತೆ ಕೂಡಿಹಾಕುತ್ತದೆ. ಕೆಲವೊಮ್ಮೆ ಒಳ್ಳೆಯ ಫೈಲ್ ಮೇಲೂ ಅನುಮಾನ ಪಡುತ್ತದೆ. ಕೂಡಲೇ ಅಳಿಸದೆ ಕೂಡಿಹಾಕುವುದರಿಂದ ಅಂಥದ್ದನ್ನು ವಾಪಸ್ ಪಡೆಯಬಹುದು.

ತಮ್ಮ ಹೇಳಿದ ಫಾರ್ಮ್ಯಾಟ್, ಅಂದರೆ ಡಿಸ್ಕ್ ಪೂರ್ತಿ ಅಳಿಸುವುದು, ಕೊನೆಯ ದಾರಿ. ಸ್ಕ್ಯಾನ್‌ನಲ್ಲಿ ಗಂಭೀರವಾದದ್ದು ಸಿಕ್ಕರೆ, ಅಥವಾ ಯಾರಿಗಾದರೂ ರಿಮೋಟ್ ಆಕ್ಸೆಸ್ ಕೊಟ್ಟಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಈಗ ಅವಸರವಿಲ್ಲ. ಬ್ಯಾಕಪ್ ಇಲ್ಲದೆ ಫಾರ್ಮ್ಯಾಟ್ ಮಾಡಿ ಮಕ್ಕಳ ಫೋಟೋ ಕಳೆದುಕೊಂಡವರನ್ನು ನಾನು ತುಂಬಾ ನೋಡಿದ್ದೇನೆ. ಆ ನಷ್ಟ ಯಾವ ಕಳ್ಳನೂ ಮಾಡಿದ್ದಲ್ಲ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಕೆಟ್ಟ ಎಕ್ಸ್‌ಟೆನ್ಶನ್ ಇದ್ದು, ಬ್ರೌಸರ್‌ನ ಸೆಟ್ಟಿಂಗ್‌ಗಳನ್ನು ನಿಮ್ಮ ಖಾತೆಯಲ್ಲಿ ಉಳಿಸಿಡುವ ಸಿಂಕ್ ಆನ್ ಇದ್ದರೆ, ಫಾರ್ಮ್ಯಾಟ್ ಆದ ಮೇಲೆ ಲಾಗಿನ್ ಆದ ಕೂಡಲೇ ಅದೇ ಎಕ್ಸ್‌ಟೆನ್ಶನ್ ವಾಪಸ್ ಬಂದು ಕೂರುತ್ತದೆ. ಹಾಗಾಗಿ ಅದನ್ನು ಮೊದಲೇ ತೆಗೆದಿರಬೇಕು. ಬ್ಯಾಕಪ್‌ಗೆ ಬಳಸುವ ಡಿಸ್ಕನ್ನು ಕೆಲಸ ಮುಗಿದ ಮೇಲೆ ಬಿಚ್ಚಿಡಿ. ರಾನ್ಸಮ್‌ವೇರ್ ಬಂದರೆ ಸಿಕ್ಕಿಸಿದ ಡಿಸ್ಕ್‌ಗೂ ಬೀಗ ಹಾಕುತ್ತದೆ.

ಪಾಸ್‌ವರ್ಡ್ ಎಲ್ಲ ಬದಲಿಸಬೇಕಾಗಿಲ್ಲ. ಆ ಕೆಂಪು ಪುಟದಲ್ಲಿ ನೀವು ಏನೂ ಟೈಪ್ ಮಾಡಿಲ್ಲ, ಏನೂ ಡೌನ್‌ಲೋಡ್ ಮಾಡಿಲ್ಲ ತಾನೇ? ಹಾಗಿದ್ದರೆ ಅದಕ್ಕೆ ಏನೂ ಸಿಕ್ಕಿಲ್ಲ. ಆದರೆ ಒಂದೇ ಪಾಸ್‌ವರ್ಡ್ ನಾಲ್ಕು ಕಡೆ ಬಳಸುತ್ತಿದ್ದರೆ ಅದನ್ನು ಇವತ್ತೇ ಬಿಡಿ. ಒಂದು ಸೈಟ್ ಸೋರಿದರೆ ಕಳ್ಳರು ಅದೇ ಇಮೇಲ್, ಪಾಸ್‌ವರ್ಡ್ ಜೋಡಿಯನ್ನು ಬೇರೆ ಸೈಟ್‌ಗಳಲ್ಲೂ ಹಾಕಿ ನೋಡುತ್ತಾರೆ. ಇಮೇಲ್ ಮತ್ತು ಬ್ಯಾಂಕ್‌ಗೆ ಬೇರೆ ಬೇರೆ, ಉದ್ದನೆಯ ಪಾಸ್‌ವರ್ಡ್ ಇಡಿ. ಪಾಸ್‌ವರ್ಡ್ ಜೊತೆಗೆ ಓಟಿಪಿಯಂಥ ಇನ್ನೊಂದನ್ನೂ ಕೇಳುವ ಎರಡು ಹಂತದ ಲಾಗಿನ್ ಆನ್ ಮಾಡಿ. ಸುಮ್ನೆ ಮೂರು ತಿಂಗಳಿಗೊಮ್ಮೆ ಬದಲಿಸುವ ಹಳೆಯ ಪದ್ಧತಿ ಬೇಡ. ಮಾನದಂಡಗಳನ್ನು ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ 2017ರಲ್ಲೇ ಅದನ್ನು ಕೈಬಿಡಲು ಹೇಳಿತು, ಯಾಕೆಂದರೆ ಜನ ಕೊನೆಯಲ್ಲಿ 1 ಇದ್ದದ್ದನ್ನು 2 ಮಾಡುತ್ತಾರೆ ಅಷ್ಟೇ. ಸೈಟ್ ಪಾಸ್‌ಕೀ ಕೊಡುತ್ತಿದ್ದರೆ ತೆಗೆದುಕೊಳ್ಳಿ. ಅದು ನಿಮ್ಮ ಬೆರಳಚ್ಚು ಅಥವಾ ಪಿನ್‌ನಿಂದ ತೆರೆಯುವ ಕೀಲಿ, ಅಸಲಿ ವಿಳಾಸದಲ್ಲಿ ಮಾತ್ರ ಕೆಲಸ ಮಾಡುತ್ತದೆ. ನಕಲಿ ಸೈಟ್‌ಗೆ ಕೊಡಬೇಕೆಂದರೂ ಕೊಡಲಾಗುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಆ ಚೌಕ ಮತ್ತೆ ಬಂದರೆ ಒತ್ತದೆ ಅದರ ಫೋಟೋ ತೆಗೆದು ನನಗೆ ಕಳಿಸಿ. ಕೆಳಗಿರುವ ಸಣ್ಣ ಅಕ್ಷರದ ಸಾಲು ಸರಿಯಾಗಿ ಕಾಣುವಂತಿರಲಿ.